ತಡಮೆ ದಾಟಿದ ಮೇಲೆ

ಮೊನ್ನೆ ಸೋಮವಾರ ಬೆಳಿಗ್ಗೆ ನೀನು ಬಾಗಿಲಿಗೆ ಬೀಗ ಹಾಕಿ, ತಡಮೆ ದಾಟಿ, ಪುನಃ ಹಿಂದೆ ಹೋದದ್ದನ್ನು ನಾನು ನಮ್ಮ ಜಗಲಿಯಲ್ಲಿ ಕೂತು ನೋಡಿದೆ. ಜೋರು ಮಳೆ. ನೀನು ಬೀಗ ಎಳೆದು ನೋಡಿ ಬಂದೆ. ತಡಮೆಯ ಮೇಲೆ ಒಂದು ಕಾಲಿಟ್ಟವನು ಮತ್ತೆ ತಿರುಗಿದೆ. ಮೂರನೆಯ ಸಲ ಬೀಗ ಎಳೆಯುವಾಗ ನಿನ್ನ ತಲೆ ಸಣ್ಣಗೆ ಅಲ್ಲಾಡುತ್ತಿತ್ತು. ಎಣಿಸುತ್ತಿದ್ದಿ ಎಂದು ಗೊತ್ತಾಯಿತು. ಅಷ್ಟರಲ್ಲಿ ಪುತ್ತೂರಿನ ಬಸ್ಸು ತಿರುವಿನಲ್ಲಿ ಹಾರ್ನ್ ಹಾಕಿ ಹೋಗಿಯೇ ಬಿಟ್ಟಿತು. ನೀನು ಕೊಡೆ ಮಡಚಿ ಮಳೆಗೇ ನಿಂತೆ.

ನಾನು ಕರೆಯಲಿಲ್ಲ. ಕರೆದಿದ್ದರೆ ನೀನು "ಎಂಥದಿಲ್ಲ ಮಾಸ್ಟ್ರೇ, ಪುಸ್ತಕ ಮರೆತುಹೋಗಿತ್ತು" ಎನ್ನುತ್ತಿದ್ದೆ. ಅಂಥ ಸುಳ್ಳನ್ನು ನಾನೇ ಹದಿನೈದು ವರ್ಷ ಹೇಳಿದ್ದೇನೆ. ಅದಕ್ಕೇ ಈ ಮಾತನ್ನು ಬರೆದು ಕೊಡುತ್ತಿದ್ದೇನೆ. ಓದಿ ಚೀಲದಲ್ಲಿಟ್ಟುಕೋ.

ನನ್ನ ಭಯ ಬೀಗದ್ದಾಗಿರಲಿಲ್ಲ, ಮೈಲುತುತ್ತಿನದು. ಅಡಿಕೆಗೆ ಕೊಳೆರೋಗ ಬಾರದ ಹಾಗೆ ಬೋರ್ಡೋ ದ್ರಾವಣ ಬಿಡುವುದು ನಿನಗೆ ಗೊತ್ತೇ ಇದೆ: 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ, 100 ಲೀಟರ್ ನೀರು. ಇಪ್ಪತ್ತೆರಡನೆಯ ವಯಸ್ಸಿನಲ್ಲಿ, ಮದ್ದು ಬಿಟ್ಟ ಒಂದು ಸಂಜೆ, ಕೈ ತೊಳೆದು ಊಟಕ್ಕೆ ಕೂತವನಿಗೆ ಉಗುರಿನ ಸಂದಿಯಲ್ಲಿ ನೀಲಿ ಕಂಡಿತು. ಎದ್ದು ತೊಳೆದೆ. ಆ ರಾತ್ರಿ ಮಲಗಿದಾಗ ಯೋಚನೆ ಬಂತು: ನಾನು ಮುಟ್ಟಿದ ಸೌಟನ್ನೇ ಅಮ್ಮ ಮುಟ್ಟಿದ್ದಾಳೆ, ಅವಳಿಗೆ ಏನಾದರೂ ಆದರೆ? ಎದ್ದು ಹೋಗಿ ಸೌಟು ತೊಳೆದೆ. ಮರುದಿನ ಕೊಡಪಾನ ತೊಳೆದೆ. ಒಂದು ತಿಂಗಳಾಗುವಾಗ ಬಾವಿಯ ಹಗ್ಗ, ಅದರ ಮುಂದಿನ ತಿಂಗಳು ದನದ ಅಕ್ಕಚ್ಚಿನ ಬಾಲ್ದಿ. ಚಳಿಗಾಲ ಬರುವಾಗ ಬೆರಳಿನ ಗಂಟುಗಳು ಒಡೆದು ರಕ್ತ ಬರುತ್ತಿತ್ತು. ಆ ಕೈಯಲ್ಲಿ ಸೀಮೆಸುಣ್ಣ ಹಿಡಿದು ಮಕ್ಕಳಿಗೆ ಮಗ್ಗಿ ಬರೆಸುತ್ತಿದ್ದೆ.

ಮನೆಯವರಿಗೆ ಗೊತ್ತಾಗಲಿಲ್ಲವೇ ಎಂದು ನೀನು ಕೇಳಬಹುದು. ಗೊತ್ತಾಯಿತು, ಆದರೆ ಅವರು ಅದನ್ನು ಒಳ್ಳೆಯ ಗುಣ ಎಂದುಕೊಂಡರು. "ಮಾಣಿಗೆ ಶುದ್ಧ ಜಾಸ್ತಿ" ಎಂದು ಅಜ್ಜಿ ಹೊಗಳುತ್ತಿದ್ದಳು. ನಮ್ಮ ಊರುಗಳಲ್ಲಿ ಈ ಕಾಯಿಲೆಗೆ ಅಡಗಿಕೊಳ್ಳಲು ಬೇಕಾದಷ್ಟು ಜಾಗ ಉಂಟು. ಮಡಿಯ ಮನೆಯಲ್ಲಿ ಅದು ಮಡಿಯ ಹಿಂದೆ ಅಡಗುತ್ತದೆ. ಬ್ಯಾರಿಗಳ ಮನೆಯಲ್ಲಿ ನಮಾಜಿನ ಮೊದಲಿನ ವುಳೂವಿನ ಹಿಂದೆ ಅಡಗುತ್ತದೆ. ಅವರಲ್ಲಿ ಇಂಥ ಸಂಶಯಕ್ಕೆ ವಸ್ವಾಸ್ ಎಂಬ ಹೆಸರೇ ಇದೆ, ಅದಕ್ಕೆ ಕಿವಿಗೊಡಬೇಡ ಎಂದು ಅವರ ಹಿರಿಯರೂ ಹೇಳುತ್ತಾರೆ. ಇಗರ್ಜಿಗೆ ಹೋಗುವವರಲ್ಲಿ ಮಾಡಿದ ಪಾಪನಿವೇದನೆ ಸರಿಯಾಯಿತೋ ಇಲ್ಲವೋ ಎಂಬ ಕೊರಗಾಗಿ ಬರುತ್ತದೆ. ಅಂಗಳ ಬೇರೆ ಬೇರೆ, ಕಾಯಿಲೆ ಒಂದೇ.

ಇದರ ಹೆಸರು ಗೀಳು ಕಾಯಿಲೆ. ವೈದ್ಯರು ಒಸಿಡಿ ಎನ್ನುತ್ತಾರೆ. ಇದು ನಿನ್ನೊಬ್ಬನ ಕಥೆಯಲ್ಲ ಎಂಬುದಕ್ಕೆ ಲೆಕ್ಕ ಇದೆ. ಬೆಂಗಳೂರಿನ ನಿಮ್ಹಾನ್ಸ್ 2015–16ರಲ್ಲಿ, ನಮ್ಮ ನೆರೆಯ ಕೇರಳವೂ ಸೇರಿ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ ಸಾವಿರ ವಯಸ್ಕರಲ್ಲಿ ಸುಮಾರು ಎಂಟು ಮಂದಿಗೆ ಇದು ಕಂಡುಬಂತು. ನಮ್ಮ ಕಡೆಯ ಒಂದು ದೊಡ್ಡ ಮದುವೆಯ ಊಟದ ಪಂಕ್ತಿಗಳನ್ನು ನೆನಪಿಸಿಕೋ. ಆ ಸಾವಿರ ಎಲೆಗಳಲ್ಲಿ ಎಂಟು ಎಲೆಯ ಮುಂದೆ ನಿನ್ನಂಥವರು, ನನ್ನಂಥವರು ಕೂತಿರುತ್ತಾರೆ. ಯಾರೂ ಹೇಳಿಕೊಳ್ಳುವುದಿಲ್ಲ, ಅಷ್ಟೆ.

ಇನ್ನೊಂದು ವಿಷಯ ತಿಳಿದಾಗ ನನ್ನ ಎದೆಯ ಭಾರ ಅರ್ಧ ಇಳಿದಿತ್ತು. 1978ರಲ್ಲಿ ರಾಕ್‌ಮನ್ ಮತ್ತು ಡಿ ಸಿಲ್ವಾ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು ಯಾವ ಕಾಯಿಲೆಯೂ ಇಲ್ಲದ ಜನರನ್ನು ವಿಚಾರಿಸಿದರು. ಅವರಲ್ಲೂ ಹೆಚ್ಚಿನವರಿಗೆ ಬೇಡದ, ಹೇಳಲು ನಾಚಿಕೆಯಾಗುವ, ಹೆದರಿಕೆ ಹುಟ್ಟಿಸುವ ಯೋಚನೆಗಳು ಬರುತ್ತವೆ ಎಂದು ಗೊತ್ತಾಯಿತು. ಯೋಚನೆಯ ಜಾತಿ ನಮ್ಮದೂ ಅವರದೂ ಒಂದೇ. ಅವರು "ಥತ್, ಎಂಥ ಯೋಚನೆ" ಎಂದು ಮುಂದೆ ಹೋಗುತ್ತಾರೆ. ನಾವು ನಿಂತು ಅದಕ್ಕೆ ಉತ್ತರ ಕೊಡಲು ಹೊರಡುತ್ತೇವೆ. ಬೀಗ ಎಳೆಯುವುದು ಉತ್ತರ, ಕೈ ತೊಳೆಯುವುದು ಉತ್ತರ, ಮನಸ್ಸಿನೊಳಗೆ ಏಳು ಸಲ ದೇವರ ಹೆಸರು ಹೇಳುವುದೂ ಉತ್ತರವೇ. ಉತ್ತರ ಸಿಕ್ಕಿದ ಸಂಶಯ ಐದು ನಿಮಿಷ ಸುಮ್ಮನಿದ್ದು ಮರುಪ್ರಶ್ನೆ ಕೇಳುತ್ತದೆ. ನೀನು ಈಗ ಮೊಬೈಲಿನಲ್ಲಿ ಬೀಗದ ಫೋಟೋ ತೆಗೆದುಕೊಂಡು ಹೋಗುತ್ತೀಯಂತೆ, ನಿನ್ನ ಅಮ್ಮ ಹೇಳಿದಳು. ಕಾಲೇಜಿಗೆ ಮುಟ್ಟುವಾಗ ಆ ಫೋಟೋ ಇವತ್ತಿನದೋ ನಿನ್ನೆಯದೋ ಎಂಬ ಸಂಶಯ ಬರುತ್ತದೆ, ಅಲ್ಲವಾ? ಬಂದೇ ಬರುತ್ತದೆ.

ಹಾಗಾದರೆ ಯೋಚನೆಯನ್ನೇ ಒತ್ತಿ ಹಿಡಿದರೆ? ಅದನ್ನೂ ಪರೀಕ್ಷಿಸಿದವರಿದ್ದಾರೆ. ಅಮೆರಿಕದ ಡೇನಿಯಲ್ ವೆಗ್ನರ್ 1987ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಕೆಲವರಿಗೆ ಬಿಳಿ ಕರಡಿಯ ಬಗ್ಗೆ ಮಾತ್ರ ಯೋಚಿಸಬೇಡಿ ಎಂದು ಹೇಳಿದರು. ಪಾಪ, ಅವರಿಗೆ ಮತ್ತೆ ಮತ್ತೆ ಕರಡಿಯೇ ಬಂತು. ಕರಡಿಯ ಬಗ್ಗೆ ಯೋಚಿಸಿ ಎಂದು ಆಮೇಲೆ ಹೇಳಿದಾಗ, ಮೊದಲು ಒತ್ತಿ ಹಿಡಿದವರಿಗೇ ಅದು ಹೆಚ್ಚು ಬಂತು.

ನನಗೆ ದಾರಿ ಸಿಕ್ಕಿದ್ದು ನಲವತ್ತರ ಹತ್ತಿರ. ಅದಕ್ಕಿಂತ ಮೊದಲು ಒಬ್ಬರು ವೈದ್ಯರು ಇದು ತಲೆಬಿಸಿ ಮಾತ್ರ, ಮದುವೆ ಮಾಡಿ ಎಂದಿದ್ದರು. ಮದುವೆಯಾಗಿ ಇನ್ನೊಂದು ಜೀವವೂ ನನ್ನ ಜೊತೆ ಪಾತ್ರೆ ತೊಳೆಯುವ ಹಾಗಾಯಿತು. ಅವಳೇ ಕೊನೆಗೆ ಹಟ ಹಿಡಿದು ಮಂಗಳೂರಿಗೆ ಕರೆದುಕೊಂಡು ಹೋದಳು. ಅಲ್ಲಿಯ ಮನಶ್ಶಾಸ್ತ್ರಜ್ಞರು ನನ್ನ ಊರು ಕೇಳಿ, ಯಕ್ಷಗಾನದ ಆಟ ನೋಡುತ್ತೀರಾ ಎಂದರು. ನೋಡದೆ ಉಂಟೇ!

"ಬಣ್ಣದ ವೇಷ ಬರುವಾಗ ನೀವು ಚಿಕ್ಕಂದಿನಲ್ಲಿ ಏನು ಮಾಡುತ್ತಿದ್ದಿರಿ?"

ಅಜ್ಜನ ಶಾಲಿನೊಳಗೆ ಮುಖ ಹುಗಿಸುತ್ತಿದ್ದೆ. ಗದ್ದೆಯಲ್ಲಿ ಚಾಪೆ ಹಾಸಿ ಕೂತಿರುತ್ತೇವೆ, ನಡುರಾತ್ರಿ ದಾಟಿರುತ್ತದೆ. ಚೆಂಡೆಯ ಪೆಟ್ಟು ಬದಲಾಗುತ್ತದೆ. ದೊಂದಿಗೆ ರಾಳದ ಪುಡಿ ಎರಚಿದಾಗ ಬೆಂಕಿ ಭಗ್ಗೆಂದು ಏಳುತ್ತದೆ. ಅದರ ನಡುವೆ ಮುಖದ ತುಂಬ ಚಿಟ್ಟಿ ಇಟ್ಟ ರಾಕ್ಷಸ ಆರ್ಭಟೆ ಕೊಡುತ್ತಾ ಜನರ ಮಧ್ಯದಿಂದಲೇ ಬರುತ್ತಾನೆ. ನನ್ನ ಹಾಗೆ ಮುಖ ಮುಚ್ಚಿಕೊಂಡ ಮಗುವಿಗೆ ಪ್ರತಿ ಆಟದಲ್ಲೂ ಅಷ್ಟೇ ಹೆದರಿಕೆ. ಕಣ್ಣು ಬಿಟ್ಟು ಕೂತ ಮಗು ಬೇರೆ ಎಷ್ಟೋ ನೋಡುತ್ತದೆ. ರಾಕ್ಷಸನ ಕಿರೀಟ ಸ್ವಲ್ಪ ವಾಲಿದೆ. ಬೆವರಿಗೆ ಗಲ್ಲದ ಬಣ್ಣ ಕರಗಿದೆ. ಸುಸ್ತಾದಾಗ ರಥಕ್ಕೆ ಒರಗುತ್ತಾನೆ. ಅವನು ಎಷ್ಟು ಅಬ್ಬರಿಸಿದರೂ ಪ್ರೇಕ್ಷಕರಲ್ಲಿ ಯಾರೂ ಎದ್ದು ಓಡುವುದಿಲ್ಲ, ರಂಗಸ್ಥಳ ಹತ್ತಿ ಅವನ ಜೊತೆ ಯುದ್ಧ ಮಾಡುವುದೂ ಇಲ್ಲ. ಕಡ್ಲೆ ತಿನ್ನುವವರು ಕಡ್ಲೆ ತಿನ್ನುತ್ತಾರೆ. ಅವನ ಪಾತ್ರ ಮುಗಿದಾಗ ಅವನೇ ಚೌಕಿಗೆ ಹೋಗುತ್ತಾನೆ.

ಆ ಮನಶ್ಶಾಸ್ತ್ರಜ್ಞರು ಹೇಳಿದರು: "ನಿಮ್ಮ ಯೋಚನೆ ಬಂದಾಗ ಹಾಗೆ ಕೂತುಕೊಳ್ಳಿ."

ಹೇಳುವುದು ಸುಲಭ. ಮಾಡಿದ್ದನ್ನು ಹೇಳುತ್ತೇನೆ, ಕೇಳು. ಮೊದಲ ದಿನ ಕೊಟ್ಟಿಗೆಯ ಮೂಲೆಯಲ್ಲಿ ಮಡಚಿಟ್ಟಿದ್ದ ಮೈಲುತುತ್ತಿನ ಖಾಲಿ ಚೀಲವನ್ನು ಬೆರಳ ತುದಿಯಿಂದ ಮುಟ್ಟಿದೆ. ಆಮೇಲೆ ಎಲ್ಲರೂ ತೊಳೆಯುವ ಹಾಗೆ ಸಾಬೂನು ಹಾಕಿ ಒಂದೇ ಸಲ ತೊಳೆದೆ. ಎರಡನೆಯ ಸಲ ತೊಳೆಯದೆ ಜಗಲಿಯಲ್ಲಿ ಕೂತೆ. ಅಂಗೈ ಉರಿದ ಹಾಗಾಯಿತು, ಹೊಟ್ಟೆ ತೊಳಸಿತು, ಎದೆ ಡಬಡಬ ಎಂದಿತು. ಹೆಂಡತಿ ಅಡುಗೆಮನೆಯಲ್ಲಿ ತೆಂಗಿನಕಾಯಿ ತುರಿಯುವ ಸದ್ದು ಕೇಳುತ್ತಿತ್ತು. ಅವಳು ಸಾಯುತ್ತಾಳೆ, ನೀನೇ ಕಾರಣ ಎಂದು ಯೋಚನೆ ಹೇಳಿತು. ಓ, ಬಂದ, ಎಂದುಕೊಂಡೆ. ಎದೆಯ ಬಡಿತ ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಎಂದು ನೋಡಿದೆ. ಗಂಟಲಿನಲ್ಲಿ ಬಿಗಿ, ಕಿವಿಯ ಹಿಂದೆ ಬಿಸಿ. ಮುಕ್ಕಾಲು ಗಂಟೆ ಕಳೆಯಿತು. ಕುಮಾರಧಾರೆಯಲ್ಲಿ ನೆರೆ ಇಳಿಯುವ ಹಾಗೆ, ಯಾವಾಗ ಇಳಿಯಿತು ಎಂದು ಗೊತ್ತಾಗದೆ, ಸ್ವಲ್ಪ ಇಳಿದಿತ್ತು. ಪೂರ್ತಿ ಅಲ್ಲ. ಆ ಕೈಯಲ್ಲೇ ಊಟ ಮಾಡಿದೆ. ಮರುದಿನ ಪುನಃ ಮುಟ್ಟಿದೆ.

ಭಯವನ್ನು ಎದುರಿಸಿ ಉತ್ತರ ಕೊಡದೆ ಇರುವ ಈ ಅಭ್ಯಾಸ ಹೊಸದಲ್ಲ. ಇಂಗ್ಲೆಂಡಿನ ವಿಕ್ಟರ್ ಮೇಯರ್ 1966ರಲ್ಲೇ ಇದರ ಬಗ್ಗೆ ಬರೆದಿದ್ದಾರೆ. ಇವತ್ತಿಗೂ ಗೀಳಿನ ಚಿಕಿತ್ಸೆಗಳಲ್ಲಿ ಇದೇ ಮುಂದಿನ ಸಾಲಿನಲ್ಲಿದೆ. ಆದರೆ ಮುಟ್ಟಿ ಸುಮ್ಮನೆ ಕೂರಲು ಧೈರ್ಯ ಎಲ್ಲಿಂದ ತರುವುದು? ಎಷ್ಟೋ ಮಂದಿ ಅಲ್ಲಿಯೇ ಬಿಟ್ಟು ಓಡುತ್ತಾರೆ. ಆಟ ನೋಡುವವನ ಹಾಗೆ ಕೂರುವುದು ಅಲ್ಲಿ ಕೈ ಹಿಡಿಯುತ್ತದೆ. ಇದಕ್ಕೆ ಅವರು ಮೈಂಡ್‌ಫುಲ್‌ನೆಸ್ ಎನ್ನುತ್ತಾರೆ, ನಮ್ಮಲ್ಲಿ ಸಾಕ್ಷಿಭಾವ, ಸಾವಧಾನ ಎಂಬ ಮಾತುಗಳಿವೆ. ನಾನು ಮೇಲೆ ಹೇಳಿದ ಡಿ ಸಿಲ್ವಾ ಶ್ರೀಲಂಕಾದವರು. ಬೇಡದ ಯೋಚನೆಗಳ ಜೊತೆ ಹೇಗೆ ನಡೆದುಕೊಳ್ಳಬೇಕು ಎಂಬುದಕ್ಕೆ ಹಳೆಯ ಬೌದ್ಧ ಗ್ರಂಥಗಳಲ್ಲಿ ಉಪಾಯಗಳಿವೆ ಎಂದು ತೋರಿಸಿಕೊಟ್ಟವರೂ ಅವರೇ.

ಇದರ ಜೊತೆಗೇ ಬರುವ ಇನ್ನೊಂದು ಮಾತು ಅಕ್ಸೆಪ್ಟೆನ್ಸ್. ಸ್ಟೀವನ್ ಹೇಯ್ಸ್ ಎಂಬವರು ರೂಪಿಸಿದ ಆಕ್ಟ್ ಚಿಕಿತ್ಸೆಯ ತಾಯಿಬೇರೇ ಅದು. ಕನ್ನಡದಲ್ಲಿ ಇದನ್ನು "ಒಪ್ಪಿಕೊಳ್ಳುವುದು" ಎಂದು ಬರೆಯುತ್ತಾರೆ, ನನಗೆ ಅದು ಸರಿ ಕಾಣುವುದಿಲ್ಲ. ಒಪ್ಪಿಕೊಳ್ಳುವುದು ಎಂದರೆ ಯೋಚನೆ ಹೇಳಿದ್ದು ಹೌದು ಎಂದ ಹಾಗಾಯಿತು. ನೀನು ಮನೆಯವರನ್ನು ಕೊಲ್ಲುತ್ತೀ ಎಂದು ಯೋಚನೆ ಹೇಳಿದರೆ ಒಪ್ಪುವುದು ಹೇಗೆ? ನಾವು ದಿನಕ್ಕೆ ಹತ್ತು ಸಲ ಹೇಳುವ ಮಾತು ಇದಕ್ಕೆ ಹೆಚ್ಚು ಹತ್ತಿರ. ಅಂಗಡಿಯಲ್ಲಿ ಒಂದು ರೂಪಾಯಿ ಚಿಲ್ಲರೆ ಕಡಿಮೆಯಾದರೆ "ಇರ್ಲಿ" ಎನ್ನುತ್ತೇವೆ. ತುಳುವಿನಲ್ಲಾದರೆ "ಉಪ್ಪಡ್". ಲೆಕ್ಕ ಸರಿಯಾಯಿತು ಎಂದು ಅದರ ಅರ್ಥವಲ್ಲ. ಲೆಕ್ಕ ಸರಿಯಾಗದೆಯೂ ನಾನು ಮನೆಗೆ ಹೋಗುತ್ತೇನೆ ಎಂದು ಅರ್ಥ. ಬೀಗ ಬಿದ್ದಿರಲಿಕ್ಕಿಲ್ಲವೋ ಏನೋ, ಇರ್ಲಿ. ಎದೆ ಹೊಡೆದುಕೊಳ್ಳುತ್ತಿದೆ, ಇರ್ಲಿ. ನನಗೆ ಬಸ್ಸು ಹಿಡಿಯಬೇಕು. ಯಾಕೆ ಹಿಡಿಯಬೇಕು ಎಂಬುದು ನಿನಗೆ ಗೊತ್ತಿರಬೇಕು. ಪರೀಕ್ಷೆ ಉಂಟು, ಗೆಳೆಯರಿದ್ದಾರೆ, ಅಪ್ಪನ ಸಾಲ ತೀರಿಸುವ ಆಸೆ ಉಂಟು. ಆ ಕಡೆಗೆ ಕಾಲು ಹಾಕುವುದಕ್ಕೇ ಇಷ್ಟೆಲ್ಲ.

ಇದರಿಂದ ಗುಣ ಕಾಣುತ್ತದೆಯೋ ಎಂದರೆ, ಕಂಡದ್ದುಂಟು. ಅಮೆರಿಕದಲ್ಲಿ 79 ಮಂದಿಯ ಮೇಲೆ ನಡೆಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮೈ ಸಡಿಲಿಸುವ ಅಭ್ಯಾಸ ಕಲಿತವರಿಗಿಂತ ಎಂಟು ಭೇಟಿಯ ಆಕ್ಟ್ ಪಡೆದವರಿಗೆ ಹೆಚ್ಚು ಉಪಕಾರವಾಯಿತು. ನಮ್ಮ ಬೆಂಗಳೂರಿನಿಂದಲೇ 2016ರಲ್ಲಿ ಒಂದು ವರದಿ ಬಂತು. ನಿಮ್ಹಾನ್ಸ್‌ನವರು, ಹೊರಗೆ ತೊಳೆಯುವುದು ಎಳೆಯುವುದು ಕಡಿಮೆ ಇದ್ದು ಯೋಚನೆಗಳ ಕಾಟವೇ ಮುಖ್ಯವಾಗಿದ್ದ 27 ಮಂದಿಗೆ ಸಾವಧಾನದ ಅಭ್ಯಾಸ ಬೆರೆಸಿದ ಚಿಕಿತ್ಸೆ ಕೊಟ್ಟರು. 12ರಿಂದ 16 ಭೇಟಿ. ಮುಗಿದು ಮೂರು ತಿಂಗಳ ಮೇಲೆ ನೋಡುವಾಗ 18 ಮಂದಿಯ ಕಾಟ ಅರ್ಧಕ್ಕಿಂತಲೂ ಕೆಳಗಿಳಿದಿತ್ತು. ಸಣ್ಣ ಗುಂಪು, ಹೋಲಿಸಿ ನೋಡಲು ಇನ್ನೊಂದು ಗುಂಪು ಇರಲಿಲ್ಲ. ಹಾಗಾಗಿ ಇದನ್ನು ಭರವಸೆ ಎಂದು ಇಟ್ಟುಕೋ, ಗ್ಯಾರಂಟಿ ಎಂದು ಅಲ್ಲ. 2018ರಲ್ಲಿ ಇನ್ನೊಂದು ಅಧ್ಯಯನದಲ್ಲಿ ಮೇಯರರ ದಾರಿಯ ಚಿಕಿತ್ಸೆಗೆ ಆಕ್ಟನ್ನೂ ಸೇರಿಸಿದರು, ಆದರೆ ಮೇಯರರ ದಾರಿಯೊಂದನ್ನೇ ಕೊಟ್ಟದ್ದಕ್ಕಿಂತ ಹೆಚ್ಚಿನದೇನೂ ಕಾಣಲಿಲ್ಲ. ಆದ್ದರಿಂದ ಕಣ್ಣು ಮುಚ್ಚಿ ಉಸಿರು ನೋಡಿದರೆ ಸಾಕು, ಬೀಗದ ಹತ್ತಿರ ಹೋಗುವ ಕಷ್ಟ ತಪ್ಪಿತು ಎಂದು ಯಾರಾದರೂ ಹೇಳಿದರೆ ನಂಬಬೇಡ.

ಉಸಿರಿನ ಮಾತು ಬಂದದ್ದಕ್ಕೆ ಒಂದು ಎಚ್ಚರಿಕೆ. ಈ ಕಾಯಿಲೆ ಔಷಧವನ್ನೇ ನುಂಗಿ ಬೆಳೆಯಬಲ್ಲದು. ನಾನು ಒಂದು ವರ್ಷ "ಇರ್ಲಿ" ಎಂದು ಸರಿಯಾಗಿ ಏಳು ಸಲ ಹೇಳುತ್ತಿದ್ದೆ. ಒಂದು ತಪ್ಪಿದರೆ ಮೊದಲಿನಿಂದ ಶುರು. ಉಸಿರು ಎಣಿಸುವಾಗ ಲೆಕ್ಕ ತಪ್ಪಿತೇ ಎಂದು ತಲೆಬಿಸಿ. ಅದೂ ತೊಳೆಯುವ ಕೆಲಸವೇ ಆಗಿತ್ತು. ಭಯ ಹೋಗಲಿ ಎಂದು ಕೂತರೆ ಅದು ಹೋಗಿದೆಯೋ ಎಂದು ಪದೇಪದೇ ಇಣುಕಿ ನೋಡುವುದೇ ಆಗುತ್ತದೆ. ಹೋಗದಿದ್ದರೂ ಸರಿ ಎಂದು ಕೂರಬೇಕು. ಇದನ್ನು ಒಬ್ಬನೇ ಪುಸ್ತಕ ನೋಡಿ ಕಲಿಯುವುದು ಕಷ್ಟ, ಪಕ್ಕದಲ್ಲಿ ತಿಳಿದವರು ಬೇಕು.

ನಿನ್ನಲ್ಲಿ ಹೇಳಲಾಗದ ಬೇರೆ ಯೋಚನೆಗಳೂ ಇರಬಹುದು. ನಾನು ಕೇಳುವುದಿಲ್ಲ. ಆದರೆ ಕಡಬದ ಕಡೆಯ ಒಬ್ಬಳು ತಾಯಿಯ ವಿಷಯ ಹೇಳುತ್ತೇನೆ. ಹೆರಿಗೆಯಾಗಿ ಎರಡು ತಿಂಗಳು. ಮೆಟ್ಟುಕತ್ತಿಯಲ್ಲಿ ತರಕಾರಿ ಹೆಚ್ಚುವಾಗ, ಈ ಕತ್ತಿ ಮಗುವಿಗೆ ತಾಗಿಸಿಬಿಟ್ಟರೆ ಎಂಬ ಯೋಚನೆ ಮಿಂಚಿನ ಹಾಗೆ ಬಂತು. ಅವಳು ಬೆವರಿಹೋದಳು. ಮೆಟ್ಟುಕತ್ತಿಯನ್ನು ಸೌದೆಯ ಕೊಟ್ಟಿಗೆಯಲ್ಲಿ ಅಡಗಿಸಿಟ್ಟಳು. ಆಮೇಲೆ ಮಗುವನ್ನೇ ಎತ್ತಿಕೊಳ್ಳದಾದಳು. ಅತ್ತೆ ಮಗುವಿನ ಮೇಲೆ ಪ್ರೀತಿಯಿಲ್ಲ ಎಂದರು, ಊರಿನವರು ಉಪದ್ರ ಎಂದರು. ಪ್ರೀತಿ ಇಲ್ಲದವಳಿಗೆ ಆ ಯೋಚನೆ ಅಷ್ಟು ಚುಚ್ಚುತ್ತಿತ್ತೇ? ಗೀಳು ನಮಗೆ ಅತ್ಯಂತ ಬೇಕಾದ ಜಾಗವನ್ನೇ ಹುಡುಕಿ ಕಚ್ಚುತ್ತದೆ. ಭಕ್ತನಿಗೆ ಗರ್ಭಗುಡಿಯ ಎದುರು ಹೊಲಸು ಮಾತು ಬರುತ್ತದೆ, ಮಗುವನ್ನು ಮುದ್ದಿಸುವವಳಿಗೆ ಕತ್ತಿ ಕಾಣುತ್ತದೆ. ಅವಳು ಈಗ ಚೆನ್ನಾಗಿದ್ದಾಳೆ. ಚಿಕಿತ್ಸೆಯ ಒಂದು ಭಾಗವಾಗಿ, ಮಗು ಪಕ್ಕದ ಚಾಪೆಯಲ್ಲಿ ಮಲಗಿರುವಾಗಲೇ ಬೆಂಡೆಕಾಯಿ ಹೆಚ್ಚಿದಳು. ಕೈ ನಡುಗುತ್ತಿತ್ತು, ಹೆಚ್ಚಿದಳು.

ಈ ಕಾಗದವನ್ನು ಅಮ್ಮನಿಗೂ ತೋರಿಸು. ತಂಗೀ, ಇದು ನಿನಗೆ. ಅವನು ಕಾಲೇಜಿನಿಂದ ಫೋನ್ ಮಾಡಿ "ಬೀಗ ಬಿದ್ದಿದೆಯಾ ನೋಡು" ಎಂದಾಗ ನೀನು ಕೆಲಸ ಬಿಟ್ಟು ಓಡಿ ಹೋಗಿ ನೋಡಿ "ಬಿದ್ದಿದೆ ಮಗಾ" ಎನ್ನುತ್ತೀ. ಕರುಳು ಕೇಳುವುದಿಲ್ಲ, ನನಗೆ ಗೊತ್ತು. ನನ್ನ ಹೆಂಡತಿಯೂ ಹದಿಮೂರು ವರ್ಷ "ಸೌಟು ತೊಳೆದಾಗಿದೆ" ಎಂದು ಹೇಳಿದಳು. ಆ ಉತ್ತರ ಸಂಶಯಕ್ಕೆ ಹಾಕುವ ಅನ್ನ. ಹಾಗೆಂದು ಒಮ್ಮೆಲೇ ಬಾಯಿ ಮುಚ್ಚಿಕೊಂಡು ಅವನನ್ನು ನಡುನೀರಿನಲ್ಲಿ ಬಿಡಬೇಡ, ಗದರಲೂ ಬೇಡ. ಇಬ್ಬರೂ ಕೂತು ಮೊದಲೇ ಮಾತಾಡಿಕೊಳ್ಳಿ. ಅವನು ಕೇಳಿದಾಗ "ಇದು ಗೀಳು ಕೇಳುವ ಪ್ರಶ್ನೆ, ನಾನು ಉತ್ತರ ಹೇಳುವುದಿಲ್ಲ, ಆದರೆ ಫೋನ್ ಇಡುವುದಿಲ್ಲ" ಎನ್ನು.

ಸುಬ್ರಹ್ಮಣ್ಯದಲ್ಲಿ ಆಶ್ಲೇಷಾ ಬಲಿ ಮಾಡಿಸಬೇಕೆಂದು ನಿಮ್ಮ ಮನೆಯಲ್ಲಿ ಮಾತಾಗಿದೆ ಎಂದು ಕೇಳಿದೆ. ದೇವರ ನಡೆಗೆ ಹೋಗಬೇಡಿ ಎನ್ನುವವನು ನಾನಲ್ಲ, ವರ್ಷಕ್ಕೊಮ್ಮೆಯಾದರೂ ನಾನೂ ಹೋಗುತ್ತೇನೆ. ಭಕ್ತಿಯಿಂದ ಒಮ್ಮೆ ಮಾಡಿಸಿ ಬನ್ನಿ. ಮಾಡಿಸಿದ್ದು ಸರಿಯಾಗಲಿಲ್ಲವೋ ಏನೋ ಎಂದು ಎರಡನೆಯ ಸಲ ಹೊರಡಬೇಕು ಅನ್ನಿಸಿದರೆ, ಹೊರಡಿಸುತ್ತಿರುವುದು ಭಕ್ತಿಯಲ್ಲ ಎಂದು ತಿಳಿಯಿರಿ. ಹರಕೆಗೆ ಕಾದು ವೈದ್ಯರ ಭೇಟಿ ಮುಂದೂಡಬೇಡಿ.

ವೈದ್ಯರಿಗೆ ಈಗ ನನ್ನ ಕಾಲದ ಹಾಗೆ ಮಂಗಳೂರೇ ಗತಿ ಎಂದೇನಿಲ್ಲ. ಸುಳ್ಯದ ಕೆ.ವಿ.ಜಿ. ವೈದ್ಯಕೀಯ ಕಾಲೇಜಿನಲ್ಲಿ ಮನೋವೈದ್ಯ ವಿಭಾಗ ಇದೆ. ತಾಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮನೋವೈದ್ಯರು ಸಿಗಬೇಕೆಂದು ಸರಕಾರ ಮಾಡಿದ ಮನೋಚೈತನ್ಯ ಎಂಬ ಯೋಜನೆ ಉಂಟು, ಪುತ್ತೂರಿನ ಸರಕಾರಿ ಆಸ್ಪತ್ರೆಯಲ್ಲಿ ಮುಂಚಿತವಾಗಿ ವಿಚಾರಿಸು. ಬೆಂಗಳೂರಿಗೆ ಹೋಗುವಷ್ಟು ಜೋರಾದರೆ ನಿಮ್ಹಾನ್ಸ್‌ನಲ್ಲಿ ಗೀಳಿಗೆಂದೇ ಪ್ರತ್ಯೇಕ ಕ್ಲಿನಿಕ್ ನಡೆಯುತ್ತದೆ. ಮಾತ್ರೆ ಕೊಟ್ಟರೆ ಹೆದರಬೇಡ. ಗೀಳಿನ ಮಾತ್ರೆಗಳು ನಿಧಾನ, ಎಂಟರಿಂದ ಹನ್ನೆರಡು ವಾರ ಕಾಯಬೇಕಾಗುತ್ತದೆ. ಎರಡು ವಾರದಲ್ಲಿ ಏನೂ ಆಗಲಿಲ್ಲ ಎಂದು ಬಿಟ್ಟುಬಿಡುವವರಿದ್ದಾರೆ. ನಾನೂ ಹಾಗೆ ಮಾಡಿ ಎರಡು ವರ್ಷ ಕಳೆದುಕೊಂಡೆ. ನಡುರಾತ್ರಿ ಬದುಕೇ ಬೇಡ ಅನ್ನಿಸಿದರೆ ಬೆಳಗಾಗುವವರೆಗೆ ಕಾಯಬೇಡ. ಟೆಲಿ ಮನಸ್ ಎಂಬ ಸರಕಾರಿ ಸಹಾಯವಾಣಿ 2022ರಿಂದ ಇದೆ, 14416ಕ್ಕೆ ಕರೆ ಮಾಡು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ನಮ್ಮ ಬಾಗಿಲನ್ನೂ ಬಡಿ.

ನನ್ನ ಮೈಲುತುತ್ತು ಪೂರ್ತಿ ಹೋಗಿದೆಯೇ? ಇಲ್ಲ. ಈ ವರ್ಷವೂ ಅಡಿಕೆಗೆ ಮದ್ದು ಬಿಟ್ಟ ದಿನ ಆ ಭಯ ಬಂದಿತ್ತು. ಊಟಕ್ಕೆ ಕೂತಾಗ ಎದುರಿನ ಮಣೆಯಲ್ಲಿ ಕೂತ ಹಾಗೆ ಇತ್ತು. ನಾನು ಸಾರು ಹಾಕಿಸಿಕೊಂಡೆ. ಮೊಮ್ಮಗಳಿಗೆ ಇದೇ ಕೈಯಲ್ಲಿ ತುತ್ತು ಕೊಟ್ಟೆ.

ಬರುವ ವಾರ ಸುಳ್ಯಕ್ಕೆ ಹೋಗುವ. ನಾನು ಜೊತೆಗೆ ಬರುತ್ತೇನೆ, ಅಮ್ಮನೂ ಬರಲಿ. ಅವತ್ತು ಬೀಗವನ್ನು ನೀನೇ ಹಾಕು. ಒಮ್ಮೆ ಎಳೆದು ನೋಡು, ಫೋಟೋ ತೆಗೆಯಬೇಡ. ನಾನು ತಡಮೆಯ ಈಚೆ ಬದಿಯಲ್ಲಿ ಕೊಡೆ ಹಿಡಿದು ನಿಂತಿರುತ್ತೇನೆ.